ಯೆಹೆಜ್ಕೇಲ 34: ನಾನು ಎರಡು ಸಲ ಪ್ರಸಂಗ ಮಾಡಿದ ಅಧ್ಯಾಯ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 34ನೇ ಅಧ್ಯಾಯದ ಮೇಲೆ ನಾನು ಎರಡು ಸಲ ಪ್ರಸಂಗ ಮಾಡಿದ್ದೇನೆ. ಜನರನ್ನು ನಡೆಸುವವರನ್ನು ಕುರುಬರು, ಜನರನ್ನು ಕುರಿಗಳು ಅಂತ ಕರೆದು ದೇವರು ಮಾತಾಡುವ ಅಧ್ಯಾಯ ಅದು. ಮೊದಲ ಸಲ ತಪ್ಪಾಗಿ ಮಾಡಿದೆ. ಈ ಅಧ್ಯಾಯವನ್ನು ಬೋಧಿಸಬೇಕು ಅಂತಿರುವ ಸಭಾಪಾಲಕರಿಗೆ, ಹಿರಿಯರಿಗೆ ಉಪಯೋಗ ಆಗಬಹುದು ಅಂತ ಅದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮದು ಉತ್ತರ ಕರ್ನಾಟಕದ ಸಣ್ಣ ಸಭೆ, ಸುಮಾರು 40 ಕುಟುಂಬ. ಕೆಲವು ವರ್ಷದ ಹಿಂದೆ ಬೇರೆ ಊರಿನ ಒಂದು ಸಭೆಯಲ್ಲಿ ಕಾಣಿಕೆ ಹಣದ ಗಲಾಟೆ ಆಗಿ, ಅಲ್ಲಿನ ಮುಖಂಡರ ಸುದ್ದಿ ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು. "ಅಯ್ಯನವರೇ, ಕೆಟ್ಟ ಕುರುಬರಿಗೆ ದೇವರು ಕೊಡುವ ನ್ಯಾಯತೀರ್ಪಿನ ಬಗ್ಗೆ ಒಂದು ಪ್ರಸಂಗ ಮಾಡ್ರಿ" ಅಂತ ನಮ್ಮವರೇ ಕೇಳಿದರು. ಮಾಡಿದೆ. ಕೊಬ್ಬಿದ ಕುರಿ ಕೊಯ್ದು ತಿಂದಿರಿ, ಉಣ್ಣೆ ಹೊದ್ದಿರಿ, ಆದರೆ ಕುರಿಗಳನ್ನು ಮೇಯಿಸಲಿಲ್ಲ ಅನ್ನುವ ಮಾತಿದೆಯಲ್ಲ, ಅದನ್ನು ಹಿಡಿದು ಮುಕ್ಕಾಲು ಗಂಟೆ ಗುಡುಗಿದೆ. ಎಲ್ಲರೂ ತಲೆ ಆಡಿಸಿದರು.

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಒಬ್ಬ ಹುಡುಗ ಮೆಲ್ಲಗೆ ಕೇಳಿದ: "ಅಯ್ಯನವರೇ, ನಮ್ಮ ಅಜ್ಜಿ ಐದು ತಿಂಗಳಿಂದ ಗುಡಿಗೆ ಬಂದಿಲ್ಲರೀ. ನಿಮಗೆ ಗೊತ್ತೈತಾ?"

ಗೊತ್ತಿರಲಿಲ್ಲ. ಆ ಅಜ್ಜಿಯ ಮನೆ ನಮ್ಮ ಮನೆಯಿಂದ ಮೂರು ಓಣಿ ಆಚೆ. ಮೊಣಕಾಲು ನೋವು, ನಡೆಯೋಕೆ ಆಗುತ್ತಿರಲಿಲ್ಲ. ಅವತ್ತು ಸಂಜೆಯೇ ಹೋದೆ. ಅವರು ನನ್ನ ಮೇಲೆ ಒಂದು ಮಾತೂ ಆಡದೆ, "ಕುಂದರಪ್ಪಾ, ಚಾ ಕುಡಿ" ಅಂದರು. ಆ ಚಹಾ ನನಗೆ ಗಂಟಲಲ್ಲಿ ಇಳಿಯಲಿಲ್ಲ. ರೋಗದಲ್ಲಿರುವುದನ್ನು ವಾಸಿಮಾಡಲಿಲ್ಲ, ಕಳೆದುಹೋದದ್ದನ್ನು ಹುಡುಕಲಿಲ್ಲ ಅಂತ ಅದೇ ಅಧ್ಯಾಯದ 4ನೇ ವಚನವನ್ನು ನಾನು ಅವತ್ತು ಬೆಳಿಗ್ಗೆ ಬೇರೆ ಯಾರಿಗೋ ಓದಿ ಹೇಳಿದ್ದೆ.

ಎರಡನೇ ಸಲ ಬೋಧಿಸುವ ಮೊದಲು ಆರು ತಿಂಗಳು ತಗೊಂಡೆ. ಮೊದಲು ನೋಡಿದ್ದು ಈ ಮಾತು ಯಾರಿಗೆ, ಯಾವಾಗ ಬಂತು ಅಂತ. ಯೆಹೆಜ್ಕೇಲ ಯಾಜಕರ, ಅಂದರೆ ದೇವಾಲಯದ ಸೇವೆ ಮಾಡುವವರ, ಮನೆತನದವನು. ಕ್ರಿ.ಪೂ. 597ರಲ್ಲಿ ಯೆಹೂದದ ರಾಜ ಯೆಹೋಯಾಖೀನನ ಜೊತೆ ಬಾಬಿಲೋನಿಗೆ ಸೆರೆ ಹೋದವನು. ಕೆಬಾರ್ ನದಿಯ ಹತ್ತಿರ ಸೆರೆಯವರ ನಡುವೆ ವಾಸ. 34ರ ಹಿಂದಿನ ಅಧ್ಯಾಯದಲ್ಲೇ ಯೆಹೂದದ ರಾಜಧಾನಿ ಯೆರೂಸಲೇಮಿನಿಂದ ಒಬ್ಬ ತಪ್ಪಿಸಿಕೊಂಡು ಬಂದು "ಪಟ್ಟಣ ಬಿತ್ತು" ಅಂತ ಹೇಳುತ್ತಾನೆ. ಎಲ್ಲ ಮುಗಿದು ಹೋದ ಮೇಲೆ, ಇದಕ್ಕೆ ಯಾರು ಹೊಣೆ ಅನ್ನುವ ಪ್ರಶ್ನೆ ಏಳುವ ಹೊತ್ತಿಗೆ ಕುರುಬರ ಮಾತು ಬರುತ್ತದೆ. ಇಲ್ಲಿ ಕುರುಬರು ಅಂದರೆ ಮೊದಲಿಗೆ ಯೆಹೂದದ ಅರಸರು. ಆ ಕಾಲದಲ್ಲಿ ಅರಸನನ್ನು ಕುರುಬ ಅನ್ನುವುದು ಸಾಮಾನ್ಯ, ಬಾಬಿಲೋನಿನ ಹಮ್ಮುರಾಬಿ ಕೂಡ ತನ್ನನ್ನು ಹಾಗೇ ಕರೆದುಕೊಂಡಿದ್ದಾನೆ. ಹಾಗಂತ ಯಾಜಕರು, ಪ್ರವಾದಿಗಳು ತಪ್ಪಿಸಿಕೊಳ್ಳುವುದಿಲ್ಲ. 22ನೇ ಅಧ್ಯಾಯದಲ್ಲಿ ಅವರ ಲೆಕ್ಕ ಬೇರೆಯೇ ಇದೆ: ಯಾಜಕರು ಪವಿತ್ರ ಯಾವುದು, ಸಾಮಾನ್ಯ ಯಾವುದು ಅಂತ ಭೇದ ತೋರಿಸಲಿಲ್ಲ, ಪ್ರವಾದಿಗಳು ಸುಳ್ಳು ದರ್ಶನ ಹೇಳಿ ತಪ್ಪುಗಳ ಮೇಲೆ ಸುಣ್ಣ ಬಳಿದು ಮುಚ್ಚಿದರು. ಇನ್ನೊಬ್ಬ ಪ್ರವಾದಿ ಮೀಕನದು ಇನ್ನೂ ನೇರ ಮಾತು. ಯಾಜಕರು ಸಂಬಳಕ್ಕೆ ಬೋಧಿಸುತ್ತಾರೆ, ಪ್ರವಾದಿಗಳು ಹಣಕ್ಕೆ ಕಣಿ ಹೇಳುತ್ತಾರೆ, ಆಮೇಲೆ ಕರ್ತನು ನಮ್ಮ ಮಧ್ಯದಲ್ಲೇ ಇದ್ದಾನೆ ಅಂತ ಧೈರ್ಯವಾಗಿ ಕೂರುತ್ತಾರೆ ಅನ್ನುತ್ತಾನೆ.

ಇಷ್ಟು ಪುಸ್ತಕದಿಂದ ಸಿಕ್ಕಿತು. ಉಳಿದದ್ದು ಹೊಲದಲ್ಲಿ ಸಿಕ್ಕಿತು.

ಬೇಸಿಗೆಯಲ್ಲಿ ನಮ್ಮ ಕಡೆ ಕುರಿ ಹಿಂಡುಗಳು ಬರುತ್ತವೆ, ಗೊಬ್ಬರ ಆಗುತ್ತೆ ಅಂತ ರೈತರು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಒಂದು ಸಂಜೆ ಅಂಥ ಒಂದು ಹಿಂಡಿನ ಹತ್ತಿರ ಹೋಗಿ ಕೂತೆ. ಅಲ್ಲಿದ್ದ ಹಿರಿಯರು ಬೇರೆಯವರ ಕುರಿಗಳನ್ನೂ ಪಾಲಿಗೆ ಕಾಯುತ್ತಿದ್ದರು. "ದಿನಾ ಎಣಿಸ್ತೀರೇನ್ರೀ?" ಅಂದೆ. "ಎಣಿಸೋದ್ಯಾಕ್ರೀ, ಮಾರಿ ನೋಡಿದ್ರ ಗೊತ್ತಾಗ್ತೈತಿ ಯಾವದು ಇಲ್ಲಂತ" ಅಂದರು. ತೋಳ ಹಿಡಿದರೆ ಮಾಲೀಕರಿಗೆ ಏನು ಹೇಳುತ್ತೀರಿ ಅಂತ ಕೇಳಿದೆ. "ಉಳಿದ ತುಣುಕರ ತಂದು ತೋರಸ್ಬೇಕ್ರೀ. ಇಲ್ಲಂದ್ರ ಮಾರ್ಕೊಂಡಾನ ಅಂತಾರ."

ನಾನು ಸುಮ್ಮನೆ ಕೂತುಬಿಟ್ಟೆ. ಬೈಬಲಿನ ವಿಮೋಚನಕಾಂಡ ಪುಸ್ತಕದ 22ನೇ ಅಧ್ಯಾಯದಲ್ಲಿ ಇದೇ ನಿಯಮ ಇದೆ: ಕಾಡುಮೃಗ ಕೊಂದಿದ್ದರೆ ಸಾಕ್ಷಿಗೆ ಅದನ್ನು ತರಬೇಕು. ಪ್ರವಾದಿ ಆಮೋಸನು ಸಿಂಹದ ಬಾಯಿಂದ ಎರಡು ಕಾಲನ್ನೋ ಕಿವಿಯ ಚೂರನ್ನೋ ಕಿತ್ತುಕೊಳ್ಳುವ ಕುರುಬನ ಬಗ್ಗೆ ಹೇಳುತ್ತಾನೆ. ಅದನ್ನು ಎಷ್ಟು ಸಲ ಓದಿದ್ದರೂ, ಆ ಕಿವಿಯ ಚೂರು ಮಾಲೀಕನಿಗೆ ಕೊಡುವ ಲೆಕ್ಕ ಅಂತ ನನಗೆ ಹೊಳೆದಿರಲಿಲ್ಲ. ಕುರಿ ಕುರುಬನದಲ್ಲ. ಯೆಹೆಜ್ಕೇಲನಲ್ಲಿ ದೇವರು "ನನ್ನ ಕುರಿಗಳು, ನನ್ನ ಕುರಿಗಳು" ಅಂತ ಮತ್ತೆ ಮತ್ತೆ ಹೇಳುವುದು ಅದಕ್ಕೇ.

ಇನ್ನೊಂದು ವಿಷಯ ಮೂಲ ಭಾಷೆಯಲ್ಲಿದೆ. ಇಬ್ರಿಯದಲ್ಲಿ ಈ ಅಧ್ಯಾಯದ ತುಂಬ 'ದಾರಷ್' ಅನ್ನುವ ಒಂದೇ ಕ್ರಿಯಾಪದ ಓಡಾಡುತ್ತದೆ. 8ನೇ ವಚನದಲ್ಲಿ ಕುರುಬರು ಕುರಿಗಳನ್ನು ಹುಡುಕಲಿಲ್ಲ ಅನ್ನುವಾಗ ಅದೇ ಪದ. 10ರಲ್ಲಿ ಅವರ ಕೈಯಿಂದ ನನ್ನ ಕುರಿಗಳ ಲೆಕ್ಕ ಕೇಳುತ್ತೇನೆ ಅನ್ನುವಾಗ ಅದೇ ಪದ. 11ರಲ್ಲಿ ನಾನೇ ಹೋಗಿ ಹುಡುಕುತ್ತೇನೆ ಅನ್ನುವಾಗಲೂ ಅದೇ ಪದ. ನಮ್ಮ ಕನ್ನಡದ 'ವಿಚಾರಿಸು' ಹೆಚ್ಚುಕಡಿಮೆ ಹೀಗೇ ಅಲ್ವಾ? ಯೋಗಕ್ಷೇಮ ವಿಚಾರಿಸುತ್ತೇವೆ, ತಪ್ಪು ಮಾಡಿದವನನ್ನೂ ವಿಚಾರಿಸಿಕೊಳ್ಳುತ್ತೇವೆ. ನೀವು ವಿಚಾರಿಸಲಿಲ್ಲ, ಅದಕ್ಕೆ ನಾನು ನಿಮ್ಮನ್ನು ವಿಚಾರಿಸುತ್ತೇನೆ, ಆಮೇಲೆ ನಾನೇ ಅವರನ್ನು ವಿಚಾರಿಸುತ್ತೇನೆ. ದೇವರ ಕೋಪ ಎಲ್ಲಿಂದ ಬರುತ್ತೆ ಅಂತ ನನಗೆ ಆಗ ಅರ್ಥವಾಯಿತು. ಕಳೆದುಹೋದವರ ಮೇಲಿನ ಪ್ರೀತಿಯಿಂದಲೇ ಬರುತ್ತದೆ.

ಎರಡನೇ ಪ್ರಸಂಗಕ್ಕೆ ಮೊದಲು ಎರಡು ಕೆಲಸ ಮಾಡಿದೆ. ಒಂದು ನೋಟ್‌ಬುಕ್ಕಿನಲ್ಲಿ, ಮೂರು ತಿಂಗಳಿಂದ ಕಾಣದವರ ಹೆಸರು ಬರೆದೆ. 17 ಹೆಸರಾಯಿತು. ಒಬ್ಬೊಬ್ಬರ ಮನೆಗೂ ಹೋದೆ, ಪ್ರಾರ್ಥನೆ ಮಾಡಿಸುವ ಅವಸರ ಇಲ್ಲದೆ ಸುಮ್ನೆ ಕೂತು ಕೇಳಿದೆ. ಆಮೇಲೆ ಸಭೆಯ ಆದಾಯ ಖರ್ಚು, ನನ್ನ ಸಂಬಳ ಸಮೇತ, ಬರೆದು ಗೋಡೆಗೆ ಅಂಟಿಸಿದೆ. ಹಿರಿಯರಲ್ಲಿ ಇಬ್ಬರಿಗೆ ಅದು ಇಷ್ಟವಾಗಲಿಲ್ಲ. ಆದರೂ ಯೆಹೆಜ್ಕೇಲ 9ರಲ್ಲಿ ನ್ಯಾಯತೀರ್ಪು ದೇವಾಲಯದಿಂದಲೇ, ಅಲ್ಲಿ ನಿಂತಿದ್ದ ಹಿರಿಯರಿಂದಲೇ ಶುರುವಾಗುತ್ತದೆ. ಅದನ್ನು ಓದಿದ ಮೇಲೆ ಬೇರೆಯವರ ಲೆಕ್ಕ ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಪ್ರಸಂಗದ ದಿನ ಮೊದಲು ನನ್ನ ತಪ್ಪು ಹೇಳಿದೆ, ಅಜ್ಜಿಯ ಒಪ್ಪಿಗೆ ತಗೊಂಡು ಅವರ ವಿಷಯವನ್ನೂ ಹೇಳಿದೆ. ಆಮೇಲೆ ಜಾಸ್ತಿ ಬೋಧಕರು ಬಿಟ್ಟುಬಿಡುವ 17ರಿಂದ 22ರ ವಚನಗಳ ಭಾಗಕ್ಕೆ ಬಂದೆ. ಅಲ್ಲಿ ದೇವರು ಕುರಿಗೂ ಕುರಿಗೂ ನಡುವೆ ನ್ಯಾಯ ತೀರಿಸುತ್ತಾನೆ. ಕೊಬ್ಬಿದ ಕುರಿಗಳು ತಾವು ಮೇಯ್ದು ಉಳಿದ ಹುಲ್ಲನ್ನು ತುಳಿಯುತ್ತವೆ, ತಿಳಿನೀರು ಕುಡಿದು ಉಳಿದದ್ದನ್ನು ಕಲಕುತ್ತವೆ, ಬಡಕಲು ಕುರಿಗಳನ್ನು ಪಕ್ಕೆಯಿಂದ ನೂಕಿ ಕೊಂಬಿನಿಂದ ಹಾಯುತ್ತವೆ. ಸಭೆಯಲ್ಲಿ ಹಣ ಇರುವವರು, ಮುಂದಿನ ಸಾಲಿನವರು ಇದನ್ನು ಕೇಳಲೇಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಒಂದು ಕುಟುಂಬ ಸಿಟ್ಟಾಗಿ ಎರಡು ತಿಂಗಳು ಬರಲಿಲ್ಲ. ಅವರ ಹೆಸರನ್ನೂ ನೋಟ್‌ಬುಕ್ಕಿಗೆ ಸೇರಿಸಿಕೊಂಡು ಅವರ ಮನೆಗೂ ಹೋದೆ. ಈಗ ಬರುತ್ತಿದ್ದಾರೆ.

ಮೊದಲು ಬರೆದ 17 ಹೆಸರುಗಳಲ್ಲಿ ಒಬ್ಬರು ಇನ್ನೂ ಬಾಗಿಲು ತೆಗೆದಿಲ್ಲ. ಹಿಂದೆ ಯಾವಾಗಲೋ ಮದುವೆಯ ವಿಷಯದಲ್ಲಿ ಸಭೆ ಅವರನ್ನು ಎಲ್ಲರ ಮುಂದೆ ಅವಮಾನ ಮಾಡಿತ್ತು, ಆಗ ನಾನು ಬಾಯಿಬಿಡದೆ ಕೂತಿದ್ದೆ. ನಾಲ್ಕು ಸಲ ಹೋಗಿ ಬಂದಿದ್ದೇನೆ. ಮಂಗಳವಾರ ಮತ್ತೆ ಹೋಗುತ್ತೇನೆ.