ಯಹೂದಿ ಸಂಗೀತ ಮೇಳದಲ್ಲಿ ನನ್ನ ಪಿಟೀಲು

ಟೊರಾಂಟೊದಲ್ಲಿ ನಾನು ನುಡಿಸುವ ಮೇಳದಲ್ಲಿ ಯಹೂದಿಯಲ್ಲದವಳು ನಾನೊಬ್ಬಳೇ. ಮೈಸೂರಿನಲ್ಲಿ ಕಲಿತ ಕರ್ನಾಟಕ ಶೈಲಿಯ ಪಿಟೀಲು ನನ್ನದು. ಜೊತೆಗೆ ಕ್ಲಾರಿನೆಟ್, ಅಕಾರ್ಡಿಯನ್, ಔದ್ ಎಂಬ ಅರಬ್ ತಂತಿವಾದ್ಯ, ದಫ್ ಎಂಬ ಚರ್ಮವಾದ್ಯ, ಒಬ್ಬ ಗಾಯಕಿ. ಕಛೇರಿ ಶನಿವಾರ ಕತ್ತಲಾದ ಮೇಲೆ, ಇಲ್ಲವೇ ಭಾನುವಾರ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗಿನ ಸಬ್ಬತ್ತೆಂಬ ವಿಶ್ರಾಂತಿಯ ದಿನ ವಾದ್ಯ ಮುಟ್ಟದ ಸಂಪ್ರದಾಯಸ್ಥರೂ ನಮ್ಮ ಶ್ರೋತೃಗಳು.

ಒಂದೇ ಸಂಜೆಯಲ್ಲಿ ನಾವು ಪೂರ್ವ ಯುರೋಪ್, ಬಾಗ್ದಾದ್, ಥೆಸಲೋನಿಕಿ, ಕೊಚ್ಚಿ ಎಲ್ಲವನ್ನೂ ಸುತ್ತುತ್ತೇವೆ. ಇವುಗಳನ್ನು ಒಂದರೊಳಗೊಂದು ಬೆರೆಸದೆ ನುಡಿಸುವುದೇ ನನಗೆ ಬಂದೊದಗಿದ ದೊಡ್ಡ ಕೆಲಸ.

ಮೊದಲು ಕಲಿತದ್ದು ಕ್ಲೆಜ್ಮರ್, ಪೂರ್ವ ಯುರೋಪಿನ ಯಹೂದಿ ಮದುವೆಮನೆಗಳ ವಾದ್ಯಸಂಗೀತ. ಅಲ್ಲಿ ಫ್ರೈಗಿಶ್ ಎಂಬ ಸ್ವರಶ್ರೇಣಿಯಿದೆ. ಸ್ವರಗಳು ನಮ್ಮ ವಕುಳಾಭರಣ ರಾಗದವೇ. ತಾಳವಿಲ್ಲದೆ ವಿಸ್ತರಿಸುವ ಡೊಯ್ನಾ ಎಂಬ ಪ್ರಕಾರದಲ್ಲಿ ಹೇಮವತಿ ರಾಗದ ಸ್ವರಗಳು ಕೇಳಿಸುತ್ತವೆ. ಆಲಾಪನೆ ಮಾಡಿ ರೂಢಿಯಿದ್ದವರಿಗೆ ಇದು ತವರಿನ ಹಾದಿಯೆನಿಸಬಹುದು. ಆದರೆ ಸ್ವರ ಸಿಕ್ಕಿದ ಮಾತ್ರಕ್ಕೆ ರಾಗ ಸಿಕ್ಕಿತೆಂದು ನಮ್ಮಲ್ಲೂ ಯಾವ ಮೇಷ್ಟರೂ ಒಪ್ಪುವುದಿಲ್ಲ. ನನ್ನ ಬೆರಳು ಧೈವತ ಸ್ವರವನ್ನು ಗಮಕದಿಂದ ತೂಗಲು ಹೊರಡುತ್ತದೆ, ಇಲ್ಲಿ ತೂಗಬಾರದು. ಇಲ್ಲಿನ ಜೀವ ಕ್ರೆಖ್ಟ್ಸ್ ಎಂಬ ಅಲಂಕಾರದಲ್ಲಿದೆ. ಸ್ವರ ಮುಗಿಯುವ ಹೊತ್ತಿಗೆ ಕಿರುಬೆರಳು ತಂತಿಯನ್ನು ಮೇಲೆಲ್ಲೋ ಅರೆಬರೆ ಮುಟ್ಟಿ ಬಿಡಬೇಕು, ಅದೇ ಕ್ಷಣ ಕಮಾನು ತಡೆಯಬೇಕು. ಬಿಕ್ಕಿದಂತೆ ಕೇಳಿಸಬೇಕು.

ನಮ್ಮ ಪದ್ಧತಿಯಂತೆ ನೆಲದ ಮೇಲೆ ಕುಳಿತು ಪಿಟೀಲಿನ ತುದಿಯನ್ನು ಪಾದಕ್ಕೆ ಊರಿದರೆ ಎಡಗೈ ತಾನಾಗಿ ಜಾರುತ್ತದೆ. ಹಾಗಾಗಿ ನಿಂತು, ಗದ್ದಕ್ಕೆ ಆನಿಸಿ ನುಡಿಸುವುದನ್ನು ಕಲಿತೆ. ಸ-ಪ-ಸ-ಪ ಶ್ರುತಿಯನ್ನೂ ಬಿಟ್ಟು ಪಾಶ್ಚಾತ್ಯ ಕ್ರಮದಲ್ಲಿ ತಂತಿ ಬಿಗಿದೆ. ಹಳೆಯ ಧ್ವನಿಮುದ್ರಿಕೆಗಳ ಒಂದೊಂದು ತುಣುಕನ್ನು ವೇಗ ಇಳಿಸಿ ಕೇಳಿ, ಮೊದಲು ಹಾಡಿ, ಆಮೇಲೆ ನುಡಿಸುತ್ತಿದ್ದೆ. ಲಯವೂ ಸಲೀಸಲ್ಲ. ನಿಧಾನಗತಿಯ ಹೋರಾ ಎಂಬ ಕುಣಿತದಲ್ಲಿ ಮೂರು ಎಣಿಕೆಯ ನಡುವಿನದು ಖಾಲಿ, ನಡಿಗೆ ಕುಂಟುತ್ತದೆ. ಅದನ್ನು ಕಾಲಿನಿಂದ ಕಲಿಯಬೇಕು, ಕುಣಿಯುವವರ ಪಕ್ಕದಲ್ಲಿ ನಿಂತು.

ಬಾಗ್ದಾದಿನ ಸಂಗೀತಕ್ಕೆ ಬೇರೆಯದೇ ಕಿವಿ ಬೇಕು. 1932ರಲ್ಲಿ ಕೈರೋದಲ್ಲಿ ನಡೆದ ಅರಬ್ ಸಂಗೀತ ಸಮ್ಮೇಳನಕ್ಕೆ ಇರಾಕಿನಿಂದ ಹೋದ ವಾದ್ಯಗಾರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಯಹೂದಿಗಳು. ಗಾಯಕ ಮುಹಮ್ಮದ್ ಅಲ್ ಕುಬ್ಬಾಂಜಿ ಮುಸ್ಲಿಂ. ಮಕಾಮ್ ಎಂದರೆ ಅರಬ್ ಸಂಗೀತದ ರಾಗದಂಥದ್ದು. ರಾಸ್ತ್ ಎಂಬ ಮಕಾಮಿನ ಗಾಂಧಾರ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಕೂರುತ್ತದೆ. ಕರ್ನಾಟಕ ಸಂಗೀತದಲ್ಲಿ ಆ ಜಾಗವನ್ನು ಗಮಕದಲ್ಲಿ ದಾಟಿ ಹೋಗುತ್ತೇವೆ. ಅಲ್ಲೇ ಅಲುಗಾಡದೆ ನಿಲ್ಲುವುದು ನನಗೆ ಹೊಸದು. ಸ್ವರದ ಜಾಗ ಗುರುತಿಸುವ ಮನೆಗಳು ಔದ್‌ಗೆ ಇಲ್ಲ, ಪಿಟೀಲಿಗೂ ಇಲ್ಲ. ಹಾಗಾಗಿ ನಾವಿಬ್ಬರೇ ಕುಳಿತು ಆ ಒಂದು ಸ್ವರವನ್ನು ಹಿಡಿಯುತ್ತಿದ್ದೆವು. ಈ ಭಾಗದಲ್ಲಿ ಅಕಾರ್ಡಿಯನ್ ಕೆಳಗಿಡಬೇಕೆಂಬುದು ನನ್ನ ಹಟ. ಅದರ ಗಾಂಧಾರವನ್ನು ಕದಲಿಸಲಾಗದು.

1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟು ಥೆಸಲೋನಿಕಿಯಂಥ ಊರುಗಳಲ್ಲಿ ನೆಲೆಸಿದ ಯಹೂದಿಗಳ ಸ್ಪ್ಯಾನಿಷ್ ಮೂಲದ ಭಾಷೆ ಲ್ಯಾಡಿನೋ. ಆ ಹಾಡುಗಳಲ್ಲಿ ನನ್ನ ಕೆಲಸ ಕಡಿಮೆ. ಗಾಯಕಿ ಮತ್ತು ದಫ್ ಸಾಕು.

ಕೊಚ್ಚಿಯ ಯಹೂದಿಗಳ ಮಲಯಾಳಂ ಹಾಡುಗಳು ಬಂದಾಗ ಮಾತ್ರ ಎಲ್ಲರೂ ನನ್ನ ಮುಖ ನೋಡಿದರು, ಭಾರತದವಳಲ್ಲವೇ ಎಂದು! ಮೈಸೂರಿನವಳಿಗೆ ಮಲಯಾಳಂ ಎಲ್ಲಿಂದ ಬರಬೇಕು? ಕೇರಳದ ಗೆಳತಿಯೊಬ್ಬಳು ಉಚ್ಚಾರಣೆ ತಿದ್ದಿದಳು. ಹೆಂಗಸರು ನೋಟುಪುಸ್ತಕಗಳಲ್ಲಿ ಬರೆದಿಟ್ಟು ಹಾಡಿಕೊಂಡು ಬಂದ ಹಾಡುಗಳು ಇವು. ಆ ಸಮುದಾಯದ ಬಹುಪಾಲು ಜನ 1950ರ ದಶಕದಲ್ಲಿ ಇಸ್ರೇಲಿಗೆ ಹೋದರು. ಹಾಡಿನ ಧಾಟಿ ಸರಳ. ಅದಕ್ಕೆ ನಾಲ್ಕು ಗಮಕ ಸೇರಿಸಿದರೆ ಇಲ್ಲಿನ ಜನ ‘ಅಪ್ಪಟ ಭಾರತೀಯ’ ಎಂದು ಚಪ್ಪಾಳೆ ತಟ್ಟುತ್ತಾರೆ, ಗೊತ್ತು. ಆದರೆ ಆ ಹೆಂಗಸರು ಹಾಗೆ ಹಾಡಲಿಲ್ಲ. ನಾನು ಷಡ್ಜ ಹಿಡಿದು ಸುಮ್ಮನಿರುತ್ತೇನೆ.

ಕೊನೆಗೆ ಎಲ್ಲ ಶೈಲಿಗಳನ್ನೂ ಸೇರಿಸಿ ಒಂದು ಫ್ಯೂಷನ್ ನುಡಿಸಿ ಎಂದು ಸಂಘಟಕರು ಕೇಳುವುದುಂಟು. ಅದರ ಬದಲು ಕ್ಲೆಜ್ಮರ್ ಕುಣಿತದ ಇನ್ನೊಂದು ಬುಲ್ಗಾರ್ ನುಡಿಸುತ್ತೇವೆ. ಕುರ್ಚಿ ಸರಿಸಿ ಕುಣಿಯಲು ಜಾಗ ಮಾಡಿಕೊಡಿ ಎನ್ನುತ್ತೇವೆ.