ಕೆಂಟಕಿ ಲೇಕ್‌ನಲ್ಲಿ ವಸಂತದ ಕ್ರಾಪಿ: ಗಾಳದ ಆಳ ಹೊಂದಿಸುವುದು ಹೇಗೆ?

ಟೆನೆಸ್ಸೀ ನದಿಗೆ ಅಡ್ಡಲಾಗಿ ಕಟ್ಟಿ 1944ರಲ್ಲಿ ಮುಗಿಸಿದ ಕೆಂಟಕಿ ಅಣೆಕಟ್ಟಿನ ಹಿನ್ನೀರು, ಅಮೆರಿಕದ ಕೆಂಟಕಿ ರಾಜ್ಯದಿಂದ ದಕ್ಷಿಣಕ್ಕೆ ಟೆನೆಸ್ಸೀ ರಾಜ್ಯದೊಳಗೆ ಸಾಗಿ ಒಟ್ಟು 184 ಮೈಲಿ ಉದ್ದಕ್ಕೆ ಚಾಚಿಕೊಂಡಿದೆ. ಸುಮಾರು 1,60,000 ಎಕರೆ ಹರವಿನ ಈ ಜಲಾಶಯವನ್ನು ಅಲ್ಲಿಯವರು ಕೆಂಟಕಿ ಲೇಕ್ ಎಂದು ಕರೆಯುತ್ತಾರೆ. ವರ್ಷದ ಬಹುಕಾಲ ಆಳದ ನೀರಿನಲ್ಲಿ ಗುಂಪುಗುಂಪಾಗಿ ಇರುವ ಕ್ರಾಪಿ ಎಂಬ ಚಪ್ಪಟೆ ಮೈಯ ಮೀನು ಏಪ್ರಿಲ್‌ನಲ್ಲಿ ಮೊಟ್ಟೆಯಿಡಲು ದಡದ ಸಮೀಪಕ್ಕೆ ಬರುತ್ತದೆ. ದೊಡ್ಡ ದೋಣಿಯಾಗಲಿ ದುಬಾರಿ ಯಂತ್ರಗಳಾಗಲಿ ಇಲ್ಲದವರ ಗಾಳಕ್ಕೂ ಅದು ಎಟುಕುವ ಕಾಲ ಅದು. ಆದರೂ ಆ ದಿನಗಳಲ್ಲಿ ದಡದ ಮೇಲೆ ನಿಂತವರನ್ನು ಗಮನಿಸಿದರೆ, ಮೀನು ತುಂಬಿರುವ ನೀರಿಗೇ ಗಾಳ ಬಿಟ್ಟು ಬರಿಗೈಯಲ್ಲಿ ಮರಳುವವರು ಬಹಳ ಮಂದಿ ಕಾಣಿಸುತ್ತಾರೆ. ಅವರು ಎರೆ ಬದಲಿಸುತ್ತಾರೆ, ಬಣ್ಣ ಬದಲಿಸುತ್ತಾರೆ, ಕೊನೆಗೆ ಜಾಗವನ್ನೂ ಬದಲಿಸುತ್ತಾರೆ. ಗಾಳ ಎಷ್ಟು ಆಳದಲ್ಲಿ ತೂಗುತ್ತಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ. ಈ ಲೇಖನದ ಹೆಚ್ಚಿನ ಭಾಗ ಆ ಒಂದು ಸಂಗತಿಗೇ ಮೀಸಲು.

ಮೊದಲು ಪರವಾನಗಿ. ನೀವು ನಿಲ್ಲುವ ದಡ ಯಾವ ರಾಜ್ಯಕ್ಕೆ ಸೇರಿದೆಯೆಂದು ನೋಡಿಕೊಂಡು ಆ ರಾಜ್ಯದ ಮೀನುಗಾರಿಕೆ ಪರವಾನಗಿಯನ್ನು ಪಡೆಯಿರಿ. ಕೆಂಟಕಿಯಲ್ಲಿ ಪರವಾನಗಿಯ ವರ್ಷ ಮಾರ್ಚ್ 1ರಂದು ಶುರುವಾಗುವುದರಿಂದ ಹಿಂದಿನ ಬೇಸಿಗೆಯಲ್ಲಿ ಪಡೆದ ವಾರ್ಷಿಕ ಪರವಾನಗಿ ಏಪ್ರಿಲ್‌ನಲ್ಲಿ ನಡೆಯುವುದಿಲ್ಲ.

ಎರಡನೆಯದು ದಿನದ ಆಯ್ಕೆ. ಇದಕ್ಕೆ ಕ್ಯಾಲೆಂಡರ್ ನೆಚ್ಚಿಕೊಳ್ಳಬಾರದು, ನೀರಿನ ಶಾಖವನ್ನು ಅಳೆಯಬೇಕು. ನಮ್ಮ ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಹೊಳೆಯಿಂದ ಗದ್ದೆಗೆ ಏರುವ ಹಾಗೆ ಇಲ್ಲಿಯೂ ಮೀನು ಆಳದಿಂದ ತೆಳುನೀರಿಗೆ ಏರುತ್ತದೆ, ಆದರೆ ಅದನ್ನು ಹೊರಡಿಸುವುದು ಮಳೆಯಲ್ಲ, ನೀರಿಗೆ ಬರುವ ಬಿಸಿ. ನೀರು 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕ್ರಾಪಿಗಳು ನೀರಡಿ ಮುಳುಗಿದ ಹಳೆಯ ಹಳ್ಳಗಳ ಅಂಚು ಹಿಡಿದು ಒಳಗಿನ ಕವಲುಗಳತ್ತ ಬರತೊಡಗುತ್ತವೆ. 60 ದಾಟಿದ ಮೇಲೆ ದಡ ಸೇರುತ್ತವೆ. 60ರಿಂದ 68ರ ನಡುವೆ, ಅಂದರೆ 16ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಡುತ್ತವೆ. ಡಾಗ್‌ವುಡ್ ಮರಗಳು ಬಿಳಿಯಾಗಿ ಅರಳಿದಾಗ ಕ್ರಾಪಿ ದಡದಲ್ಲಿರುತ್ತದೆ ಎಂಬ ಮಾತು ಆ ಸೀಮೆಯ ಹಳೆಯ ಗಾಳಗಾರರಲ್ಲಿ ಇದೆ ಮತ್ತು ಅದು ನಂಬತಕ್ಕ ಮಾತು. ಆದರೂ ಹತ್ತು ಡಾಲರ್ ಒಳಗೆ ಸಿಗುವ ಒಂದು ತೇಲುವ ಥರ್ಮಾಮೀಟರ್ ಅದಕ್ಕಿಂತ ಖಚಿತ. ಉತ್ತರದಿಂದ ಚಳಿಗಾಳಿ ಬೀಸಿ ನೀರು ಒಂದೇ ರಾತ್ರಿಯಲ್ಲಿ ತಣ್ಣಗಾದರೆ ಮೀನು ಹತ್ತಿರದ ಆಳಕ್ಕೆ ಹಿಂದೆ ಸರಿಯುತ್ತದೆ. ಅಂಥ ದಿನ ಮನೆಯಲ್ಲಿದ್ದು, ಎರಡು ಮೂರು ದಿನ ಬಿಸಿಲು ಕಾದ ಮೇಲೆ ಹೋಗುವುದೇ ಲೇಸು.

ಈ ಜಲಾಶಯಕ್ಕೆ ಇನ್ನೊಂದು ವಿಶೇಷವಿದೆ. ಪ್ರವಾಹದ ನೀರಿಗೆ ಜಾಗವಿರಲೆಂದು ಚಳಿಗಾಲದಲ್ಲಿ ನೀರಿನ ಮಟ್ಟವನ್ನು ಸಮುದ್ರಮಟ್ಟದಿಂದ 354 ಅಡಿಗೆ ಇಳಿಸಿರುತ್ತಾರೆ. ಏಪ್ರಿಲ್ 1ರಿಂದ ಮೇ 1ರ ಒಳಗೆ ಅದನ್ನು ನಿಧಾನವಾಗಿ 359 ಅಡಿಗೆ ಏರಿಸುತ್ತಾರೆ. ಅಂದರೆ ಮೀನು ದಡಕ್ಕೆ ಬರುವ ತಿಂಗಳಲ್ಲೇ ನೀರು ದಿನಕ್ಕೆ ಸರಾಸರಿ ಎರಡು ಇಂಚು ಏರುತ್ತಿರುತ್ತದೆ, ನಿನ್ನೆ ಒಣನೆಲದಲ್ಲಿದ್ದ ಪೊದೆಗಳ ಬುಡಕ್ಕೆ ಇಂದು ನೀರು ಬಂದಿರುತ್ತದೆ. ಮಳೆ ಹೆಚ್ಚಾದ ವರ್ಷ ಈ ಏರಿಕೆ ಇನ್ನೂ ವೇಗವಾಗುತ್ತದೆ. ನಿನ್ನೆ ಮೀನು ಸಿಕ್ಕ ಆಳವನ್ನೇ ಇಂದೂ ನಂಬಿ ಕೂರುವವರು ಸೋಲುವುದು ಇಲ್ಲೇ.

ಜಾಗದ ವಿಷಯಕ್ಕೆ ಬರೋಣ. ಮುಖ್ಯ ಜಲಾಶಯದ ಬಯಲಿನಲ್ಲಿ ಸರಕು ಸಾಗಿಸುವ ಬಾರ್ಜ್‌ಗಳು ಓಡಾಡುತ್ತವೆ, ಗಾಳಿ ಎದ್ದರೆ ಅಲೆಗಳೂ ದೊಡ್ಡವು. ಸಣ್ಣ ದೋಣಿಯವರು ಅಲ್ಲಿಗೆ ಹೋಗಲೇಬಾರದು, ಎಲ್ಲಿಗೆ ಹೋದರೂ ಲೈಫ್ ಜಾಕೆಟ್ ಬಿಚ್ಚಬಾರದು. ಬ್ಲಡ್ ರಿವರ್, ಜೊನಾಥನ್ ಕ್ರೀಕ್, ಟೆನೆಸ್ಸೀ ಭಾಗದ ಬಿಗ್ ಸ್ಯಾಂಡಿಯಂತಹ ಕವಲು ಹಿನ್ನೀರುಗಳೇ ಕ್ರಾಪಿಗೆ ಸರಿಯಾದ ಜಾಗ. ಅಲ್ಲಿಯೂ ಉತ್ತರದ ದಡವನ್ನು ಮೊದಲು ನೋಡಿ. ದಕ್ಷಿಣಕ್ಕೆ ಮುಖ ಮಾಡಿದ ಆ ದಡದ ನೀರು ಬಿಸಿಲಿಗೆ ಬೇಗ ಕಾಯುತ್ತದೆ. ಮರಳುಕಲ್ಲು, ಮುಳುಗಿದ ಮರದ ಮೋಟು, ನೀರಿಗೆ ಬಾಗಿದ ಪೊದೆ, ಗಾಳಗಾರರು ತಾವೇ ನೀರಡಿಯಲ್ಲಿ ನೆಟ್ಟ ಗೂಟಗಳ ಸಾಲು, ಇವುಗಳ ಪಕ್ಕದಲ್ಲಲ್ಲದೆ ಬರಿ ಕೆಸರಿನ ಬಯಲಿನಲ್ಲಿ ಕಾಯುವುದು ವ್ಯರ್ಥ. ಇಲ್ಲಿ ಎರಡು ಬಗೆಯ ಕ್ರಾಪಿಗಳಿವೆ. ಮೈಮೇಲೆ ಕಪ್ಪು ಚುಕ್ಕೆ ಎರಚಿದಂತಿದ್ದು, ಬೆನ್ನಿನ ಈಜುರೆಕ್ಕೆಯಲ್ಲಿ ಏಳೆಂಟು ಮುಳ್ಳುಗಳಿರುವುದು ಕಪ್ಪು ಕ್ರಾಪಿ; ಮೈಗೆ ಅಡ್ಡ ಪಟ್ಟೆಗಳಿದ್ದು ಸಾಮಾನ್ಯವಾಗಿ ಆರು ಮುಳ್ಳುಗಳಿರುವುದು ಬಿಳಿ ಕ್ರಾಪಿ. ಕಪ್ಪಿಗೆ ತಿಳಿನೀರು, ಬಿಳಿಗೆ ಸ್ವಲ್ಪ ಬಗ್ಗಡವಾದರೂ ನಡೆಯುತ್ತದೆ.

ಸಲಕರಣೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಒಂಬತ್ತು ಹತ್ತು ಅಡಿಯ ಮೆದುವಾದ ರಾಡ್, ಒಂದು ಸಣ್ಣ ರೀಲ್, 6 ಪೌಂಡ್ ತೂಕ ತಡೆಯುವ ತಂಗೂಸು ದಾರ, 2 ಅಥವಾ 4ನೇ ನಂಬರಿನ ತೆಳುತಂತಿಯ ಗಾಳ, ಸೀಸದ ಸಣ್ಣ ಗುಂಡುಗಳು, ಪೆನ್ಸಿಲ್ಲಿನಂತೆ ಉದ್ದವಾದ, ನಡುವೆ ತೂತಿರುವ ಬೆಂಡು. ಗಾಳದ ತಂತಿ ತೆಳುವೇ ಆಗಿರಬೇಕು, ಏಕೆಂದರೆ ಮೋಟಿಗೆ ಸಿಕ್ಕಿಕೊಂಡಾಗ ನಿಧಾನವಾಗಿ ಎಳೆದರೆ ಅದು ನೆಟ್ಟಗಾಗಿ ಬಿಡಿಸಿಕೊಳ್ಳುತ್ತದೆ. ಬೆರಳಲ್ಲಿ ಮತ್ತೆ ಬಾಗಿಸಿ ಬಳಸಬಹುದು. ದೊಡ್ಡ ಅಂಗಡಿಗಳಲ್ಲಿ ರಾಡ್, ರೀಲ್, ದಾರ ಎಲ್ಲವನ್ನೂ ಸೇರಿಸಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಮಾರುವ ಅಗ್ಗದ ಸೆಟ್‌ಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಬರುವ ದಾರ ದಪ್ಪವಾಗಿದ್ದು ಸುರುಳಿ ಬಿಡುವುದೇ ಇಲ್ಲ, ಜೊತೆಗಿರುವ ಕೆಂಪು ಬಿಳಿ ಗುಂಡುಬೆಂಡಿನ ಸ್ಪ್ರಿಂಗು ದಾರವನ್ನು ಕಚ್ಚಿ ಗಾಯ ಮಾಡುತ್ತದೆ. ವಾಸನೆಯ ದ್ರವಗಳೂ ಬೇಡ. ಮುಂದಿರುವ ಮೀನನ್ನು ಪರದೆಯ ಮೇಲೆ ತೋರಿಸುವ ಸೋನಾರ್ ಯಂತ್ರಗಳಿಗೆ ಈಗ ಸಾವಿರಾರು ಡಾಲರ್ ಸುರಿಯುವವರಿದ್ದಾರೆ. ನಾಲ್ಕು ಅಡಿ ನೀರಿನಲ್ಲಿ ಪೊದೆಯ ಪಕ್ಕ ನಿಂತ ಮೀನಿಗೆ ಅದರ ಅಗತ್ಯವಿಲ್ಲ. ಎರೆಯಾಗಿ, ಹೊಸಬರಿಗೆ ಮಿನ್ನೋ ಎಂಬ ಜೀವಂತ ಮರಿಮೀನನ್ನೇ ನಾನು ಹೇಳುತ್ತೇನೆ. ಬೆನ್ನಿನ ಈಜುರೆಕ್ಕೆಯ ಕೆಳಗೆ, ಬೆನ್ನುಮೂಳೆಗೆ ತಾಗದಂತೆ ಗಾಳ ಚುಚ್ಚಿದರೆ ಅದು ಬಹಳ ಹೊತ್ತು ಈಜಾಡುತ್ತದೆ. ಸೀಸದ ತಲೆ, ಪ್ಲಾಸ್ಟಿಕ್ ಬಾಲದ ಜಿಗ್ ಎಂಬ ಕೃತಕ ಎರೆಯಿಂದಲೂ ಕ್ರಾಪಿ ಸಿಗುತ್ತದೆ, ಆದರೆ ಅದಕ್ಕೆ ಕೈ ಪಳಗಬೇಕು.

ಈಗ ಮುಖ್ಯ ಹಂತ. ಕ್ರಾಪಿಯ ಕಣ್ಣುಗಳು ತಲೆಯ ಮೇಲುಭಾಗದಲ್ಲಿವೆ, ಅದರ ಬಾಯಿಯೂ ಮೇಲ್ಮುಖ. ತನ್ನ ಮಟ್ಟದಲ್ಲಿ ಅಥವಾ ತನಗಿಂತ ಸ್ವಲ್ಪ ಮೇಲೆ ಇರುವುದನ್ನು ಅದು ನೋಡುತ್ತದೆ, ಏರಿ ಬಂದು ನುಂಗುತ್ತದೆ. ಹೊಟ್ಟೆಯ ಕೆಳಗೆ ತೂಗುವ ಎರೆಗಾಗಿ ತಲೆ ತಗ್ಗಿಸುವುದು ಅಪರೂಪ. ಆದ್ದರಿಂದ ಗಾಳ ಅರ್ಧ ಅಡಿ ಮೇಲಿದ್ದರೆ ಮೀನು ಸಿಗಬಹುದು, ಅರ್ಧ ಅಡಿ ಕೆಳಗಿದ್ದರೆ ಬಹುಮಟ್ಟಿಗೆ ಸಿಗುವುದಿಲ್ಲ. ಈ ಲೆಕ್ಕ ಸರಿಯಾಗಲು ಬೆಂಡು ದಾರದ ಮೇಲೆ ಜಾರುವಂತಿರಬೇಕು, ಅದರ ಓಟವನ್ನು ಮೇಲೆ ಒಂದು ನೂಲಿನ ಗಂಟು ತಡೆಯಬೇಕು.

ಗಂಟು ಹೀಗೆ ಹಾಕಿ. ಒಂದು ಗೇಣು ದಪ್ಪ ನೂಲನ್ನು ದಾರದ ಮೇಲೆ ಉದ್ದಕ್ಕೆ ಇಟ್ಟು, ಮಡಚಿ ಒಂದು ಕುಣಿಕೆ ಮಾಡಿಕೊಳ್ಳಿ. ನೂಲಿನ ತುದಿಯನ್ನು ದಾರ ಮತ್ತು ಕುಣಿಕೆಯ ಒಂದೆಳೆ ಎರಡನ್ನೂ ಸೇರಿಸಿ ಐದು ಸುತ್ತು ಸುತ್ತುತ್ತಾ ಪ್ರತಿ ಸುತ್ತಿಗೂ ಕುಣಿಕೆಯೊಳಗಿಂದ ತೂರಿಸಿ. ಸುತ್ತುಗಳನ್ನು ನೀರಿನಲ್ಲಿ ಒದ್ದೆ ಮಾಡಿ ಎರಡೂ ತುದಿಗಳನ್ನು ಬಿಗಿಯಾಗಿ ಎಳೆಯಿರಿ. ಉಗುರಿನಿಂದ ನೂಕಿದರೆ ಮಾತ್ರ ಜರುಗುವಷ್ಟು ಬಿಗಿ ಸಾಕು. ತುದಿಗಳನ್ನು ಬುಡಕ್ಕೇ ಕತ್ತರಿಸಬೇಡಿ. ಮೊಂಡು ತುದಿ ರಾಡಿನ ಉಂಗುರಗಳಿಗೆ ತಗಲುತ್ತದೆ, ಅರ್ಧ ಇಂಚು ಬಿಟ್ಟರೆ ಬಾಗಿಕೊಂಡು ಸಲೀಸಾಗಿ ಹಾದುಹೋಗುತ್ತದೆ. ಗಂಟಿನ ಕೆಳಗೆ ಒಂದು ಸಣ್ಣ ಮಣಿ, ಅದರ ಕೆಳಗೆ ಬೆಂಡು, ಅದರ ಕೆಳಗೆ ಸೀಸದ ಗುಂಡು, ಗುಂಡಿನಿಂದ ಎಂಟು ಇಂಚು ಕೆಳಗೆ ಗಾಳ. ಮಣಿಯನ್ನು ಬಿಟ್ಟರೆ ಗಂಟು ಬೆಂಡಿನ ತೂತಿನೊಳಗೇ ಇಳಿದುಹೋಗಿ ನೀವು ಇಟ್ಟ ಆಳ ಸುಳ್ಳಾಗುತ್ತದೆ. ಅಂಗಡಿಯಲ್ಲಿ ಸಿಗುವ ರಬ್ಬರಿನ ತಡೆಗಳನ್ನು ಗಂಟಿಗೆ ಬದಲಾಗಿ ಬಳಸುವುದುಂಟು. ಬಿಸಿಲಿಗೆ ಸೀಳುವುದರಿಂದ ಅವು ನನಗೆ ಒಪ್ಪಿಗೆಯಿಲ್ಲ.

ಬಳಿಕ ತಳವನ್ನು ಅಳೆಯಿರಿ. ಗಾಳಕ್ಕೆ ಬೆಂಡನ್ನು ಮುಳುಗಿಸುವಷ್ಟು ಭಾರದ ಸೀಸವನ್ನು ಸಿಕ್ಕಿಸಿ, ಪೊದೆಯ ಪಕ್ಕ ನೆಟ್ಟಗೆ ಇಳಿಬಿಡಿ. ಬೆಂಡು ನೀರಿನೊಳಗೆ ಮಾಯವಾದರೆ ಗಂಟಿನ ಕೆಳಗಿನ ದಾರ ನೀರಿನ ಆಳಕ್ಕೆ ಸಾಲದು, ಗಂಟನ್ನು ಮೇಲಕ್ಕೆ ಸರಿಸಬೇಕು. ಬೆಂಡು ಅಡ್ಡ ಮಲಗಿದರೆ ದಾರ ಹೆಚ್ಚಾಗಿ ಸಡಿಲಬಿದ್ದಿದೆ, ಗಂಟನ್ನು ಕೆಳಕ್ಕೆ ತರಬೇಕು. ಬೆಂಡಿನ ತುದಿ ಮಾತ್ರ ನೀರಿನ ಮೇಲೆ ನೆಟ್ಟಗೆ ಕಾಣುವ ಹಂತಕ್ಕೆ ಬಂದಾಗ ತಳದ ಆಳ ನಿಖರವಾಗಿ ಸಿಕ್ಕಿತು. ಈಗ ಆ ಸೀಸವನ್ನು ತೆಗೆದು, ಗಂಟನ್ನು ಗಾಳದತ್ತ ಒಂದು ಅಡಿ ಇಳಿಸಿ. ಗಾಳ ತಳದಿಂದ ಒಂದು ಅಡಿ ಮೇಲೆ ತೂಗುತ್ತದೆ. ಹತ್ತು ನಿಮಿಷ ಕಾದರೂ ಏನೂ ಆಗದಿದ್ದರೆ ಗಾಳವನ್ನು ಇನ್ನೂ ಅರ್ಧ ಅಡಿ ಮೇಲಕ್ಕೆ ತನ್ನಿ, ಕೆಳಕ್ಕೆ ಬಿಡಬೇಡಿ. ಒಂದು ಮೀನು ಸಿಕ್ಕಿತೆಂದರೆ ಗಂಟನ್ನು ಮುಟ್ಟಲೇಬೇಡಿ, ಆ ಪೊದೆಯ ಉಳಿದ ಮೀನುಗಳೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿರುತ್ತವೆ. ಪ್ರತಿ ಬೆಳಿಗ್ಗೆ ಈ ಅಳತೆಯನ್ನು ಹೊಸದಾಗಿ ಮಾಡಬೇಕು, ನೀರು ಏರಿರುತ್ತದೆ.

ಬೆಂಡಿಗೂ ಗುಂಡಿಗೂ ತೂಕ ಹೊಂದುವುದು ಅಷ್ಟೇ ಮುಖ್ಯ. ಬಣ್ಣ ಬಳಿದ ತುದಿ ಅರ್ಧ ಇಂಚಿನಷ್ಟು ಮಾತ್ರ ಮೇಲೆ ಕಾಣುವ ತನಕ ಗುಂಡುಗಳನ್ನು ಒಂದೊಂದಾಗಿ ಸೇರಿಸಿ. ಅರ್ಧ ಬೆಂಡು ನೀರಿನಿಂದ ಹೊರಗೆ ನಿಂತಿದ್ದರೆ, ಎರೆ ಬಾಯಿಗೆ ಹಾಕಿಕೊಂಡ ಕ್ರಾಪಿಗೆ ಅದರ ಎಳೆತ ತಿಳಿದು ಎರೆಯನ್ನು ಉಗುಳಿಬಿಡುತ್ತದೆ.

ಮೀನು ಕಚ್ಚಿದ ಗುರುತು ಬಹುಪಾಲು ಜನ ತಿಳಿದುಕೊಂಡಂತೆ ಇರುವುದಿಲ್ಲ. ಬೆಂಡು ಗುಳುಂ ಎಂದು ಮುಳುಗುವುದನ್ನೇ ಕಾಯುತ್ತಾ ಕುಳಿತವರ ಕಣ್ಣೆದುರಿನಲ್ಲೇ ಮೀನು ಎರೆ ತಿಂದು ಹೋಗುತ್ತದೆ. ಕ್ರಾಪಿ ಕೆಳಗಿನಿಂದ ಏರಿ ಬಂದು ಎರೆಯನ್ನು ಹಿಡಿದು ಮೇಲಕ್ಕೇ ಸಾಗಿದಾಗ ಗುಂಡಿನ ಭಾರ ಅದರ ಪಾಲಾಗುತ್ತದೆ. ಆಗ ನೆಟ್ಟಗೆ ನಿಂತಿದ್ದ ಬೆಂಡು ಮೆಲ್ಲನೆ ಮೇಲೆದ್ದು ಪಕ್ಕಕ್ಕೆ ಮಲಗುತ್ತದೆ. ಮಲಗಿದ ಬೆಂಡು ಎಂದರೆ ಮೀನು ಬಾಯಲ್ಲಿದೆ ಎಂದೇ ಅರ್ಥ. ಅಲೆಗೆ ಅಲುಗುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನಾಲ್ಕಾರು ಸಲ ಗಮನಿಸಿದರೆ ಕಣ್ಣಿಗೆ ಹಿಡಿಯುತ್ತದೆ.

ಆ ಕ್ಷಣದಲ್ಲಿ ರಾಡನ್ನು ಜಗ್ಗಬೇಡಿ. ಕ್ರಾಪಿಯ ಬಾಯಂಚು ಕಾಗದದಂಥ ತೆಳುಪೊರೆ. ಬಾಸ್ ಎಂಬ ಬೇರೆ ಜಾತಿಯ ಮೀನು ಹಿಡಿಯುವವರಂತೆ ಹಿಂದಕ್ಕೆ ಬಾಗಿ ಎಳೆದರೆ ಪೊರೆ ಹರಿದು ಗಾಳ ಬರಿದಾಗಿ ಹಾರಿ ಬರುತ್ತದೆ. ಸಡಿಲ ದಾರವನ್ನು ಸುತ್ತಿಕೊಂಡು, ಮಣಿಕಟ್ಟನ್ನಷ್ಟೇ ತಿರುಗಿಸಿ ರಾಡನ್ನು ಒಂದು ಅಡಿ ಮೇಲೆತ್ತಿ. ಅಷ್ಟೇ ಸಾಕು, ಚೂಪಾದ ಗಾಳ ತಾನಾಗಿ ನಾಟುತ್ತದೆ. ನಂತರ ದಾರ ಸಡಿಲಾಗದಂತೆ ಒಂದೇ ವೇಗದಲ್ಲಿ ಸುತ್ತುತ್ತಾ ಬನ್ನಿ, ಮೀನು ದಡಕ್ಕೆ ಬಂದಾಗ ಕೈಬಲೆಯನ್ನು ಅದರ ಕೆಳಗೆ ಹಿಡಿಯಿರಿ. ದಾರ ಹಿಡಿದೇ ಮೀನನ್ನು ದಡಕ್ಕೆ ಎತ್ತಿಹಾಕುವ ಅಡ್ಡದಾರಿಯಿಂದ ಕೈತಪ್ಪುವುದು ಬಹಳ ಸಲ ದೊಡ್ಡ ಮೀನೇ.

ಕೆಂಟಕಿ ಭಾಗದಲ್ಲಿ 10 ಇಂಚಿಗಿಂತ ಸಣ್ಣ ಕ್ರಾಪಿಯನ್ನು ಇಟ್ಟುಕೊಳ್ಳುವಂತಿಲ್ಲ, ಒಬ್ಬರಿಗೆ ದಿನಕ್ಕೆ 20 ಮೀನು ಮಿತಿ. ಹೊರಡುವ ಮುನ್ನ ಆ ವರ್ಷದ ನಿಯಮಪುಸ್ತಕ ನೋಡಿ. ಮೈ ಕಪ್ಪೇರಿದ ಗಂಡುಮೀನುಗಳು ಗೂಡಿನಲ್ಲಿ ಮೊಟ್ಟೆ ಕಾಯುತ್ತಿರುತ್ತವೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುವುದರಿಂದ ಕಾವಲು ತಪ್ಪಿದರೆ ಮೊಟ್ಟೆಗಳನ್ನು ಬೇರೆ ಮೀನುಗಳು ತಿನ್ನುತ್ತವೆ. ಒಂದೇ ಪೊದೆಯಿಂದ ಮೂರು ನಾಲ್ಕು ಮೀನು ಹಿಡಿದ ಮೇಲೆ ಮುಂದಿನ ಪೊದೆಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇಟ್ಟುಕೊಂಡದ್ದನ್ನು ಕೂಡಲೇ ಐಸಿಗೆ ಹಾಕಿ. ಮಾಂಸ ಬಿಳಿ, ಮೆದು, ತೆಳು. ಹುಳಿ ಸಾರಿಗೆ ಹಾಕಿದರೆ ಒಡೆದುಹೋಗುತ್ತದೆ, ರವೆ ಹಚ್ಚಿ ಕಾವಲಿಯ ಮೇಲೆ ಹುರಿಯುವುದೇ ಸರಿ.

ಮೇ ತಿಂಗಳ ನಡುವಿನ ಹೊತ್ತಿಗೆ ಮೀನುಗಳು ಬಂದ ದಾರಿಯಲ್ಲೇ, ಹಳ್ಳದ ಅಂಚು ಹಿಡಿದು ಹಿಂದಿರುಗುತ್ತವೆ. ಆಗ ಪೊದೆಗಳನ್ನು ಬಿಟ್ಟು, ಕವಲಿನ ಬಾಯಲ್ಲಿ ಮುಳುಗಿರುವ ಮರದ ಕೊಂಬೆಗಳ ಮೇಲೆ ಗಂಟನ್ನು ಹತ್ತು ಹನ್ನೆರಡು ಅಡಿಗೆ ಸರಿಸಿ ಅದೇ ಬೆಂಡು, ಅದೇ ಗಾಳ ಬಿಡಿ. ಜಾರುಬೆಂಡಾದ್ದರಿಂದ ರಾಡಿನ ಉದ್ದಕ್ಕಿಂತ ಹೆಚ್ಚಿನ ಆಳಕ್ಕೂ ಅದನ್ನು ಎಸೆಯಲು ತೊಡಕಾಗುವುದಿಲ್ಲ.