ಲೆಕ್ಕ ತಲೆಗೆ ಹತ್ತದವರು ಪೇಂಟಿಂಗ್ ಕೆಲಸಕ್ಕೆ ಬನ್ನಿ

ತುಮಕೂರಿನಲ್ಲಿ ಶೆಟ್ಟಿಹಳ್ಳಿ, ಬಟವಾಡಿ, ಕ್ಯಾತ್ಸಂದ್ರ ಎಲ್ಲಿ ನೋಡಿದರೂ ಮನೆಗಳು ಏಳುತ್ತಿವೆ. ನನ್ನ ಹತ್ತಿರ ಕೆಲಸ ಕೇಳಿಕೊಂಡು ಬರುವ ಹುಡುಗರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದವರೇ ಜಾಸ್ತಿ. 'ಅಣ್ಣಾ, ಲೆಕ್ಕ ಅಂದ್ರೆ ಕೈಕಾಲೇ ಆಡಲ್ಲ' ಅಂತಾರೆ. ಅಂಥವರು ಬಾರ್ ಬೆಂಡಿಂಗ್ (ಕಬ್ಬಿಣದ ಸರಳು ಬಗ್ಗಿಸಿ ಕಟ್ಟುವ ಕೆಲಸ), ಟೈಲ್ಸ್ ಕಡೆ ಸದ್ಯಕ್ಕೆ ಹೋಗಬೇಡಿ. ಅಲ್ಲಿ ದಿನವಿಡೀ ಟೇಪು ಕೈಯಲ್ಲೇ ಇರುತ್ತೆ, ಅಳತೆ ತಪ್ಪಿದರೆ ಮಾಲು ಹಾಳು. ಗಾರೆ ಕೆಲಸ ಪರವಾಗಿಲ್ಲ. ಒಂದಕ್ಕೆ ಆರು ಅಂದರೆ ಒಂದು ಬಾಂಡ್ಲಿ ಸಿಮೆಂಟಿಗೆ ಆರು ಬಾಂಡ್ಲಿ ಮರಳು, ಅಷ್ಟೇ. ಆದರೆ ರಟ್ಟೆಯಲ್ಲಿ ಕಸುವು ಬೇಕು.

ನನ್ನ ಕೇಳಿದರೆ ಪೇಂಟಿಂಗೇ ಸರಿ. ಶುರುವಿನಲ್ಲಿ ಪುಟ್ಟಿ ಕಲಿಯಿರಿ, ಅಂದರೆ ಬಣ್ಣಕ್ಕೆ ಮುಂಚೆ ಗೋಡೆ ನಯವಾಗಲಿ ಅಂತ ನೀರಲ್ಲಿ ಕಲಸಿ ಬಳಿಯುವ ಪುಡಿ. ಗೋಡೆಗೆ ಸ್ವಲ್ಪ ನೀರು ಚಿಮುಕಿಸಿ, ಕೆಳಗಿನಿಂದ ಮೇಲಕ್ಕೆ ತೆಳ್ಳಗೆ ಎಳೆಯಬೇಕು. ಎರಡು ಮೂರು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಗಟ್ಟಿಯಾದ ಪುಟ್ಟಿಗೆ ಮತ್ತೆ ನೀರು ಹಾಕಿ ಬಳಿದರೆ ಆಮೇಲೆ ಪುಡಿಪುಡಿಯಾಗಿ ಉದುರುತ್ತೆ. ಒಣಗಿದ ಮೇಲೆ ಎರಡನೇ ಕೋಟು.

ಇನ್ನು ಉಪ್ಪುಕಾಗದ. ಹೊಸಬರಿಗೆ ಇದು ಬೇಜಾರು, ನನಗೆ ಮಾತ್ರ ಇದೇ ಅಸಲಿ ವಿದ್ಯೆ. 120 ಅಂದರೆ ಒರಟು, 220 ಅಂದರೆ ನಯ. ನಾಲ್ಕು ದಿನ ಉಜ್ಜಿದರೆ ನಂಬರ್ ನೋಡದೆ ಬೆರಳಿಗೇ ಗೊತ್ತಾಗುತ್ತೆ. ಕತ್ತಲಾದ ಮೇಲೆ ಕೋಣೆಯ ಲೈಟು ಆರಿಸಿ, ಒಂದು ಬಲ್ಬನ್ನು ಗೋಡೆಗೆ ಒತ್ತಿದ ಹಾಗೆ ಪಕ್ಕದಲ್ಲಿ ಹಿಡಿಯಿರಿ. ಹಗಲು ಸಪಾಟಾಗಿ ಕಂಡ ಗೋಡೆಯಲ್ಲಿ ಉಬ್ಬು ತಗ್ಗು, ಕರಣೆಯ ಗೆರೆ ಎಲ್ಲ ನೆರಳು ಬಿಟ್ಟುಕೊಂಡು ಎದ್ದು ಕಾಣುತ್ತೆ. ಅಲ್ಲೆಲ್ಲ ಪೆನ್ಸಿಲ್ಲಲ್ಲಿ ಗುರುತು ಮಾಡಿ, ಬೆಳಿಗ್ಗೆ ತಿದ್ದಿ, ಆಮೇಲೇ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ತಳದ ಕೋಟು. ಈ ಕಣ್ಣು ಬಂದವನನ್ನು ಯಾವ ಮೇಸ್ತ್ರಿಯೂ ಬಿಟ್ಟುಕೊಡಲ್ಲ.

ಉಜ್ಜುವಾಗ ಮಾಸ್ಕ್ ತಪ್ಪಿಸಬೇಡಿ, ಆ ಧೂಳು ಎದೆಗೆ ಇಳಿಯುತ್ತೆ. ಸಾರ್ವೆ ಹತ್ತುವ ಮುಂಚೆ ಕಟ್ಟು ಬಿಗಿಯಿದೆಯಾ ನೀವೇ ಎಳೆದು ನೋಡಿ.

ಚದರಡಿ ಲೆಕ್ಕ ಗುತ್ತಿಗೆ ಹಿಡಿಯುವವನಿಗೆ ಬೇಕು. ಆ ಕಾಲ ಬಂದಾಗ ಲೆಕ್ಕ ಬಲ್ಲ ಗೆಳೆಯನನ್ನು ಜೊತೆಗೆ ಹಾಕಿಕೊಳ್ಳಿ. ನಿಮ್ಮ ಹಾಜರಿಯನ್ನು ಮಾತ್ರ ದಿನಾ ನೀವೇ ಬರೆದಿಡಿ. ಶನಿವಾರದ ಬಟವಾಡೆಗೆ ಅದೇ ಆಧಾರ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೂ ಅದು ನೆರವಾಗುತ್ತೆ: ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. 90 ತುಂಬಿದ ಕೂಡಲೇ ಅರ್ಜಿ ಹಾಕಿ.